ನಡೆಯದ ಹತ್ತರ ಬಿಲ್ಲೆ

ಕಿಬ್ಬನಹಳ್ಳಿ ಕ್ರಾಸಿನ ಹೊಂಗೆಮರದ ಕೆಳಗೆ ಮಜ್ಜಿಗೆ ಮಾರುವ ಕ್ಯಾತಮ್ಮನ ಕೈ ಬೆಳಗಿನಿಂದ ಸಂಜೆಯವರೆಗೂ ಒದ್ದೆ. ಲೋಟ ತೊಳೆಯಬೇಕು, ಕೊತ್ತಂಬರಿ ಹಿಚುಕಬೇಕು, ಮಡಕೆಗೆ ಸುತ್ತಿದ ಬಟ್ಟೆಗೆ ನೀರು ಚಿಮುಕಿಸುತ್ತಲೇ ಇರಬೇಕು. ಅಂಥ ಕೈಗೆ ಸಿಕ್ಕ ಹತ್ತರ ನೋಟಿನ ಗತಿ ಕೇಳುವುದೇ ಬೇಡ. ಮೊದಲೇ ಆ ನೋಟುಗಳು ಹತ್ತೂರು ಸುತ್ತಿ, ಯಾರ್ಯಾರದೋ ಬೆವರು ಕುಡಿದು, ನಡುವೆ ಟೇಪು ಅಂಟಿಸಿಕೊಂಡು ಬಂದಿರುತ್ತಿದ್ದವು. ಕ್ಯಾತಮ್ಮನ ಸೊಂಟದ ಚೀಲ ಸೇರಿದ ಮೇಲೆ ಒಂದಕ್ಕೊಂದು ಮೆತ್ತಿಕೊಂಡು ಮುದ್ದೆಯಾಗುತ್ತಿದ್ದವು. ಸಂಜೆ ಹಟ್ಟಿಯಲ್ಲಿ ಮಗಳು ವನಜಾ ಅವನ್ನು ಬಿಡಿಸಿ ಬಿಸಿ ಹಂಚಿನ ಮೇಲೆ ಒಣಗಿಸುವಳು. ಒಂದು ಸಲ ಮೂರು ನೋಟು ಸೀದೇ ಹೋಗಿದ್ದವು.

ಫೋನಿನಲ್ಲಿ ದುಡ್ಡು ಹಾಕುವವರಿಗೆಂದು ವನಜಾ ಮರಕ್ಕೊಂದು ಚೌಕದ ಚೀಟಿ ಅಂಟಿಸಿದ್ದಳು. ಆ ದುಡ್ಡು ವನಜಾಳ ಖಾತೆಗೆ ಹೋಗುವುದನ್ನು ಕ್ಯಾತಮ್ಮ ಕೇಳಿ ಬಲ್ಲಳು, ಅಲ್ಲಿಂದ ತಿರುಗಿ ಬಂದದ್ದನ್ನು ಮಾತ್ರ ಕಂಡಿರಲಿಲ್ಲ.

ಹೀಗಿರುವಾಗ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಹೊತ್ತಿಗೆ, ಹೊಸ ಹತ್ತರ ನೋಟು ಬರುವುದು ಕಡಿಮೆಯಾಯಿತು. ಬ್ಯಾಂಕಿನವರು ಅದರ ಬದಲು ಹತ್ತರ ಬಿಲ್ಲೆ ಕೊಡತೊಡಗಿದರು. ಹೊರಗೆ ಹಳದಿ, ಒಳಗೆ ಬಿಳಿ, ನೋಡಲು ಲಕ್ಷಣವಾದ ಬಿಲ್ಲೆ. ಆದರೆ ಕ್ರಾಸಿನಲ್ಲಿ ಒಬ್ಬರೂ ಅದನ್ನು ಮುಟ್ಟಲೊಲ್ಲರು. ಬಿಲ್ಲೆಯ ಮೇಲೆ ಹದಿನೈದು ಗೆರೆ ಇರುವುದು ಖೋಟಾ ಎಂದರು ಕೆಲವರು. ಹತ್ತು ಗೆರೆ ಇರುವುದೇ ಖೋಟಾ ಎಂದರು ಇನ್ನು ಕೆಲವರು.

ಕ್ಯಾತಮ್ಮ ಗೆರೆ ಎಣಿಸಲು ಹೋಗಲಿಲ್ಲ. ಲಾರಿಯವನೊಬ್ಬ ಮೊದಲ ಬಿಲ್ಲೆ ಕೊಟ್ಟಾಗ ಅದನ್ನು ಲೋಟದ ಜೊತೆಗೇ ನೀರಿಗೆ ಅದ್ದಿ ತೆಗೆದು ನೋಡಿದಳು. ಏನೂ ಆಗಿರಲಿಲ್ಲ. ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಆ ಸುದ್ದಿ ಗಾಳಿಗಿಂತ ಮುಂಚೆ ಹಬ್ಬಿತು. ದೇವರ ಗೂಡಿನಲ್ಲಿ, ಸಾಸಿವೆ ಡಬ್ಬದಲ್ಲಿ ಬಿಲ್ಲೆ ಬಚ್ಚಿಟ್ಟಿದ್ದವರೆಲ್ಲ ಬಾಯಾರಿಕೆ ಇಲ್ಲದಿದ್ದರೂ ಮಜ್ಜಿಗೆ ಕುಡಿಯಲು ಬಂದರು. ಮಧ್ಯಾಹ್ನಕ್ಕೇ ಮಡಕೆ ಬರಿದಾಗತೊಡಗಿತು.

ವಾರ ಕಳೆದು ಎಮ್ಮೆಗೆ ಬೂಸಾ ತರಲು ತಿಪ್ಪಯ್ಯನ ಅಂಗಡಿಗೆ ಹೋದಾಗಲೇ ಕ್ಯಾತಮ್ಮನಿಗೆ ಬಿಸಿ ತಟ್ಟಿದ್ದು. ಅವಳು ಸುರಿದ ಬಿಲ್ಲೆಗಳನ್ನು ತಿಪ್ಪಯ್ಯ ಬೆರಳ ತುದಿಯಿಂದ ವಾಪಸ್ಸು ತಳ್ಳಿದ.

"ನಾನು ಈಸ್ಕಂಡ್ರೆ ಯಾರಿಗೆ ಕೊಡ್ಲವ್ವಾ? ಬಸ್ಸಲ್ಲಿ ಕಂಡಕ್ಟ್ರೇ ಮುಟ್ಟಲ್ಲ."

ತುರುವೇಕೆರೆ ಕಡೆಯಿಂದ ಬರುವ ಖಾಸಗಿ ಬಸ್ಸಿನ ಕಂಡಕ್ಟರ್ ರವಿಕಿರಣನನ್ನು ಕೇಳಿದಳು.

"ನನ್ದೇನೂ ಇಲ್ಲ ಕಣಮ್ಮ. ಟೈರ್ ಪಂಚರ್ ಆದ್ರೆ ಜುಲ್ಫಿಕರ್ ಈಸ್ಕಳಲ್ಲ ಅಂತಾನಲ್ಲ."

ಪಂಚರ್ ಅಂಗಡಿಯ ಜುಲ್ಫಿಕರ್ ಪಕ್ಕದಲ್ಲೇ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಿದ್ದ. "ನಮ್ಮನೇಲೂ ಎರಡು ಮೇಕೆ ಅವೆ ಕ್ಯಾತಮ್ಮ. ತಿಪ್ಪಯ್ಯನೋರ ಅಂಗಡೀಲಿ ಬೂಸಾಕ್ಕೆ ಇದು ನಡೆಯಲ್ಲ, ನಾನೇನ್ ಮಾಡ್ಲಿ?" ಎಂದ.

ಕ್ಯಾತಮ್ಮ ಅಲ್ಲೇ ನಿಂತು ಮೂವರನ್ನೂ ಮನಸ್ಸಿನಲ್ಲೇ ಸುತ್ತು ಹಾಕಿ ಬಂದಳು. ತಿಪ್ಪಯ್ಯನಿಗೆ ರವಿಕಿರಣನ ಭಯ, ರವಿಕಿರಣನಿಗೆ ಜುಲ್ಫಿಕರನ ಭಯ, ಜುಲ್ಫಿಕರನಿಗೆ ತಿಪ್ಪಯ್ಯನ ಭಯ. ಬಿಲ್ಲೆಯ ಭಯ ಮಾತ್ರ ಯಾರಿಗೂ ಇರಲಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು.

"ಬ್ಯಾಂಕಿಗೆ ಕಟ್ಟಿ ಬಂದ್ರಾಯ್ತು ಬುಡವ್ವ" ಎಂದಳು ರಾತ್ರಿ ಊಟದ ಹೊತ್ತಿಗೆ ವನಜಾ.

"ಕಟ್ದೆ ಅನ್ನು. ಒಂದಿನದ ವ್ಯಾಪಾರ ಹೋಯ್ತು. ನಾಳಿದ್ದು ಮತ್ತೆ ಇಷ್ಟು ಬತ್ತವೆ, ಮತ್ತೆ ಹೋಗ್ಲಾ? ಬ್ಯಾಂಕೇ ಈಸ್ಕಂತದೆ ಅಂದ್ಮೇಲೆ ದುಡ್ಡೇ ಅಲ್ವೇನೇ? ನೀನು ಸ್ಲೇಟು ತಗಾ. ನಾನು ಹೇಳ್ದಂಗೆ ಬರಿ."

ಮರುದಿನ ಹೊಂಗೆಮರಕ್ಕೆ ಸ್ಲೇಟು ನೇತುಬಿತ್ತು: 'ಹತ್ತರ ಬಿಲ್ಲೆಗೆ ಮಾತ್ರ ಮಜ್ಜಿಗೆ. ನೋಟು ಇಲ್ಲ. ಫೋನೂ ಇಲ್ಲ.'

ಹತ್ತು ಗಂಟೆಯವರೆಗೆ ಅದನ್ನು ಓದಿದವರು ಓದಿ ಮುಂದೆ ಹೋದರು. ಕಾರಿನಿಂದ ಇಳಿದ ಒಬ್ಬ ಹೆಂಗಸು ಫೋನು ಎತ್ತಿಕೊಂಡು ಬಂದವಳು ಗೊಣಗುತ್ತ ಹೋದಳು. ತುಂಬಿದ ಮಡಕೆ ಹಾಗೇ ಇತ್ತು. ಇಷ್ಟು ಮಜ್ಜಿಗೆ ಹುಳಿಯಾಗಿ ಹೋದರೆ ವನಜಾಳ ಮುಂದೆ ಹೇಗೆ ಮುಖ ತೋರಿಸುವುದೆಂದು ಕ್ಯಾತಮ್ಮನಿಗೆ ಚಿಂತೆ ಹತ್ತಿತು. ಸ್ಲೇಟು ತೆಗೆದುಬಿಡಲೇ ಎಂದು ಒಮ್ಮೆ ಎದ್ದೂ ನಿಂತಳು.

ಅಷ್ಟರಲ್ಲಿ ಬಸ್ಸು ಬಂತು. ಮೂವತ್ತು ಸೀಟಿನ ಬಸ್ಸಿನಲ್ಲಿ ಅರವತ್ತು ಜನಕ್ಕೆ ಟಿಕೆಟ್ ಹರಿದು ರವಿಕಿರಣನ ಗಂಟಲು ಒಣಗಿ ಹೋಗಿತ್ತು.

"ಬೇಗ ಒಂದು ಲೋಟ ಕೊಡಮ್ಮ."

"ಬಿಲ್ಲೆ ಕೊಡಪ್ಪ."

"ನನ್ನತ್ರ ಎಲ್ಲಿಂದ ಬರ್ಬೇಕು? ನಾನು ಈಸ್ಕಳದೇ ಇಲ್ವಲ್ಲ."

"ನನ್ನತ್ರ ಅವೆ. ಐವತ್ತರ ನೋಟು ಕೊಡು, ಐದು ಬಿಲ್ಲೆ ಕೊಡ್ತೀನಿ. ಅದ್ರಲ್ಲೊಂದು ನಂಗೆ ಕೊಟ್ಟು ಕುಡಿ."

ಡ್ರೈವರ್ ಹಾರ್ನ್ ಒತ್ತುತ್ತಿದ್ದ. ತಕರಾರು ಮಾಡಲು ಬಾಯಲ್ಲಿ ಪಸೆ ಇರಲಿಲ್ಲ. ರವಿಕಿರಣ ನೋಟು ಕೊಟ್ಟು, ಕುಡಿದು, ನಾಲ್ಕು ಬಿಲ್ಲೆ ಚೀಲಕ್ಕೆ ಹಾಕಿಕೊಂಡು ಓಡಿದ. ಅರ್ಧ ಗಂಟೆ ಬಿಟ್ಟು ಜುಲ್ಫಿಕರ್ ಬಂದ. ಸ್ಲೇಟು ಓದಿ ನಕ್ಕ, ತಲೆ ಕೆರೆದುಕೊಂಡ, ಅವನೂ ನಾಲ್ಕು ಬಿಲ್ಲೆ ಜೇಬಿಗಿಳಿಸಿಕೊಂಡು ಹೋದ. ಮಧ್ಯಾಹ್ನ ತಿಪ್ಪಯ್ಯ ತಾನು ಬರದೆ ದೊಡ್ಡ ಚೊಂಬು ಕಳಿಸಿದ. ಕ್ಯಾತಮ್ಮ ಖಾಲಿ ಚೊಂಬನ್ನೇ ತಿರುಗಿ ಕಳಿಸಿದಳು. ಕೊನೆಗೆ ಅವನೇ ಬಂದ. ನೂರರ ನೋಟು ಮುರಿಸಿ, ಎರಡು ಲೋಟ ಕುಡಿದು, ಎಂಟು ಬಿಲ್ಲೆಗಳನ್ನು ಟವೆಲಿನ ತುದಿಗೆ ಗಂಟು ಹಾಕಿಕೊಂಡ.

"ಇವನ್ನ ನಾನು ಏನ್ ಮಾಡ್ಲಿ ಕ್ಯಾತಮ್ಮ?"

"ಖರ್ಚು ಮಾಡಿ ಸ್ವಾಮಿ. ದುಡ್ಡು ಇರೋದು ಇನ್ಯಾತಕ್ಕೆ?"

ಆ ಸಂಜೆ ತುರುವೇಕೆರೆಗೆ ಹೊರಟ ಜುಲ್ಫಿಕರ್ ಬಸ್ಸು ಹತ್ತಿ ಎರಡು ಬಿಲ್ಲೆ ಚಾಚಿದ. ರವಿಕಿರಣ ಎಂದಿನಂತೆ ತಲೆ ಅಲ್ಲಾಡಿಸಿದ.

"ನಡೆಯಲ್ಲ ಕಣಣ್ಣ."

"ನಿನ್ ಚೀಲದಲ್ಲಿ ನಾಲ್ಕು ಕುಂತವೆ, ನಾನೇ ನೋಡಿದೀನಿ. ನಾಳೆ ಗಾಳಿ ಹೊಡೆಸೋಕೆ ಅವನ್ನೇ ತಗಂಬಾ, ನಾನು ಈಸ್ಕಂತೀನಿ. ಈಗ ನೀನು ಇದನ್ನ ಈಸ್ಕ."

ರವಿಕಿರಣ ತನ್ನ ಚೀಲವನ್ನೊಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ಕೈ ಚಾಚಿದ. ಅದನ್ನು ಕಂಡ ಹಿಂದಿನ ಸೀಟಿನ ಪುಟ್ಟಗಂಗಮ್ಮ ಎಂಬ ಮುದುಕಿ ರವಿಕೆಯೊಳಗಿಂದ ಪುಟ್ಟ ಗಂಟು ತೆಗೆದು, ತಾನು ತಿಂಗಳಿಂದ ಕಾಪಾಡಿಕೊಂಡು ಬಂದಿದ್ದ ಮೂರು ಬಿಲ್ಲೆಗಳನ್ನು ಅವನ ಅಂಗೈಗೆ ಸುರಿದಳು. ಇನ್ನೊಬ್ಬರು ಕೊಟ್ಟರು. ಮತ್ತೊಬ್ಬರು ಕೊಟ್ಟರು. ಚಿಲ್ಲರೆಗಾಗಿ ಜಗಳವಾಡದೆ ಅವನು ಟಿಕೆಟ್ ಹರಿದದ್ದು ಬಹಳ ದಿನಗಳ ಮೇಲೆ ಅದೇ ಮೊದಲು.

ನಾಲ್ಕೇ ದಿನ. ಕಂಡಕ್ಟರ್ ಈಸಿಕೊಳ್ಳುತ್ತಾನೆಂದು ತಿಪ್ಪಯ್ಯನಿಗೆ ಧೈರ್ಯ ಬಂತು, ತಿಪ್ಪಯ್ಯನಲ್ಲಿ ನಡೆಯುತ್ತದೆಂದು ಜುಲ್ಫಿಕರನಿಗೆ ಬಂತು. ಗೆರೆಯ ಮಾತನ್ನು ಯಾರೂ ಎತ್ತಲಿಲ್ಲ.

ಐದನೆಯ ದಿನ ಕ್ಯಾತಮ್ಮ ಬೂಸಾ ಅಂಗಡಿಗೆ ಹೋದಳು. ತಿಪ್ಪಯ್ಯ ಬಿಲ್ಲೆಗಳನ್ನು ಬಾಚಿ ಗಲ್ಲಾಪೆಟ್ಟಿಗೆಗೆ ಸುರಿದುಕೊಂಡು, ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ಹತ್ತಿಕಾಳನ್ನು ತಾನಾಗಿಯೇ ಮೇಲೆ ಹಾಕಿದ. ಅವಳು ಅವನ ಮುಖವನ್ನೇ ನೋಡಿದಳು. ಇಪ್ಪತ್ತು ವರ್ಷದಲ್ಲಿ ತಾನು ಕೇಳದೆ ಅವನು ಏನನ್ನೂ ಹಾಕಿದವನಲ್ಲ.

"ಚಿಲ್ಲರೆಗೆ ಭಾರಿ ತೊಂದ್ರೆ ಆಗದೆ ಕಣವ್ವ" ಎಂದ ತಿಪ್ಪಯ್ಯ, ದನಿ ತಗ್ಗಿಸಿ. "ದಿನಾ ಸಂಜೆ ಒಂದೈವತ್ತು ಬಿಲ್ಲೆ ನಂಗೇ ಅಂತ ಎತ್ತಿಡು. ಬೇರೆಯೋರಿಗೆ ಕೊಡ್ಬ್ಯಾಡ."

"ಜುಲ್ಫಿಕರ್ ಬೆಳಿಗ್ಗೆನೇ ತನಗೇ ಬೇಕು ಅಂತ ಹೇಳ್ಬುಟ್ಟವ್ನೆ" ಎಂದಳು ಕ್ಯಾತಮ್ಮ. "ನೋಡಾನ ಬುಡಿ. ಇನ್ನೊಂದು ಹಿಡಿ ಹತ್ತಿಕಾಳು ಹಾಕಿ ಮೊದ್ಲು."

ತಿಪ್ಪಯ್ಯ ಹಾಕಿದ.