ಮೂವತ್ತೇಳನೇ ನಂಬರಿನ ಹಲ್ಲು

ಪರದೆಯ ಮೇಲಿನ ಆ ಬಿಳಿ ಗೆರೆ ತನ್ನ ದವಡೆಯ ಮೂಳೆಯದೇ ಅಂದರೆ ಹೂವಮ್ಮನಿಗೆ ನಂಬಿಕೆಯಾಗಲಿಲ್ಲ, ಎಷ್ಟು ನೆಟ್ಟಗಿದೆ, ಕೋಣಂದೂರಿನ ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳಿಂದ ಸ್ಲೇಟಿನ ಮೇಲೆ ಗೆರೆ ಎಳೆಸಿದವಳು ತಾನು, ನೆಟ್ಟಗಿನ ಗೆರೆ ಕಂಡರೆ ಸಾಕು, ಕಣ್ಣು ತಂಪಾಗುತ್ತದೆ — ಮೂಳೆ ಒಂಚೂರೂ ಸವೆದಿಲ್ಲ ಟೀಚರ್, ಆರು ತಿಂಗಳ ಹಿಂದಿನ ಎಕ್ಸ್‌ರೇ ನೋಡಿ, ಇವತ್ತಿಂದು ನೋಡಿ, ಅನ್ನುತ್ತಿದ್ದಾಳೆ ದೀಪಶ್ರೀ, ಈಗ ಸಾಗರದಲ್ಲಿ ಹಲ್ಲಿನ ಡಾಕ್ಟರು, ಮೂಗು ಸುರಿಸಿಕೊಂಡು ಅಂಗನವಾಡಿಗೆ ಬರುತ್ತಿದ್ದವಳು ಇವಳೇ ಅಲ್ಲವೇ, ಇವಳ ಗೆರೆ ಒಂದಾದರೂ ನೆಟ್ಟಗಿತ್ತೇ, ಎಲ್ಲ ಗುಡ್ಡದ ಕಾಲುದಾರಿ, ಕೈ ಹಿಡಿದು ತಿದ್ದಿಸಿದ್ದು ಯಾರು, ಹೇಳಿಕೊಳ್ಳಬಾರದು, ಆದರೂ ಎದೆ ಉಬ್ಬುತ್ತದೆ, ಉಬ್ಬಲಿ. ನಾಲಿಗೆ ಹೋಗಿ ಕೆಳಗಿನ ಮುಂದಿನ ಹಲ್ಲನ್ನು ಮುಟ್ಟಿ ನೋಡಿತು, ಅಲ್ಲಾಡಲಿಲ್ಲ. ಒಸಡು ಊದ್ಕೊಂಡ್ರೆ ಒಳಗಿನ ಮೂಳೆ ಕರಗ್ತಾ ಹೋಗ್ತದೆ ಟೀಚರ್, ಮುರುಗಲು, ಅದೇ ಪುನರ್ಪುಳಿ ಹಣ್ಣು, ಅದರ ಸಿಪ್ಪೆಯಲ್ಲಿ ಆಂಟಿಆಕ್ಸಿಡೆಂಟ್ ಇದೆ, ಅದು ತಡೀತದಾ ಅಂತ ನನ್ನ ಸಂಶೋಧನೆ, ಅರ್ಧ ಜನಕ್ಕೆ ಮುರುಗಲಿನ ಜೆಲ್, ಅರ್ಧ ಜನಕ್ಕೆ ಬರೀ ಜೆಲ್, ಯಾರಿಗೆ ಯಾವ್ದು ಅಂತ ನಂಗೂ ಗೊತ್ತಿರಲ್ಲ, ಬೇರೆ ಏನೂ ಹಚ್ಬಾರ್ದು — ಆರು ತಿಂಗಳ ಹಿಂದೆ ಹಾಗಂದು ಮೂವತ್ತೇಳನೇ ನಂಬರಿನ ಟ್ಯೂಬು ಕೊಟ್ಟಿದ್ದಳು, ಅವತ್ತೇ ಹೂವಮ್ಮನ ತಲೆಗೆ ಹುಳ ಹೊಕ್ಕಿತ್ತು, ತನ್ನದು ಬರೀ ಜೆಲ್ಲೇ ಆಗಿಬಿಟ್ಟರೆ, ತನ್ನ ಒಂದು ಹಲ್ಲಿನಿಂದ ಹುಡುಗಿ ಸೋತರೆ, ಅದಕ್ಕೇ ದಿನಾ ಸಂಜೆ ಡಬ್ಬದಲ್ಲಿದ್ದ ಒಣ ಮುರುಗಲು ಸಿಪ್ಪೆ ನೆನೆಸಿ, ಅರೆದು, ಒಸಡಿಗೆ ತಿಕ್ಕಿದ್ದು, ಹುಳಿಗೆ ಹಲ್ಲು ಚುಳ್ಳೆಂದರೂ ಬಿಡದೆ ತಿಕ್ಕಿದ್ದು, ಪ್ರೀತಿಯಿಂದ ಮಾಡಿದ್ದು ತಪ್ಪಾಗುತ್ತದೆಯೇ, ಆಗುತ್ತದೆ, ಪಕ್ಕದವರ ಸ್ಲೇಟು ನೋಡಿ ಬರೆದರೆ ಒರೆಸಿ ಮತ್ತೆ ಬರೆಸುತ್ತಿದ್ದವಳು ತಾನೇ ಅಲ್ಲವೇ. ಸುಮ್ಮನಿದ್ದರೆ ಯಾರಿಗೆ ಗೊತ್ತಾದೀತು, ಹುಡುಗಿ ಇಷ್ಟು ನಗುತ್ತಿದ್ದಾಳೆ, ಆ ನಗು ಕಿತ್ತುಕೊಳ್ಳುವುದೇ, ಆದರೆ ಬಾಯಿ ಕೇಳಬೇಕಲ್ಲ — ದೀಪಾ, ನಾನು ಮನೇಲೂ ಮುರುಗಲು ತಿಕ್ತಿದ್ದೆ ಕಣೇ, ನಿಂದು ಗೆಲ್ಲಲಿ ಅಂತ. ಏನಂದ್ರಿ ಟೀಚರ್? ದಿನಾ, ಆರು ತಿಂಗಳೂ. ನಗು ನಿಂತಿತು, ಬೈಯುತ್ತಾಳೆ, ಬೈಯಲಿ, ಬೈಸಿಕೊಳ್ಳುವ ಕೆಲಸವೇ ಮಾಡಿದ್ದು — ನಿಮ್ಮ ಹಲ್ಲು ಉಳೀತಲ್ಲ, ಅಷ್ಟು ಸಾಕು ಟೀಚರ್, ಆದ್ರೆ ಇದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಇಷ್ಟು ಚೆಂದದ ಎಕ್ಸ್‌ರೇ, ಇಟ್ಕೊಂಡ್ರೆ ಯಾರು ಕೇಳ್ತಾರೆ ಮಾರಾಯ್ತಿ? ನಾನೇ ಕೇಳ್ಕೋತೀನಲ್ಲ ಟೀಚರ್ — ಅಂದಳು, ತನ್ನ ಟೀಚರಿಗೇ ಅಂದಳು, ನಂಬರುಗಳ ಪಟ್ಟಿ ತೆಗೆದಳು, ಕೆಂಪು ಪೆನ್ನು ತೆಗೆದಳು, ಮೂವತ್ತೇಳರ ಮೇಲೆ ಎಳೆದಳು, ಸ್ಕೇಲಿಲ್ಲ, ಈ ತುದಿಯಿಂದ ಆ ತುದಿಗೆ ಒಂದೇ ಗೆರೆ, ನನ್ನ ಹುಡುಗಿ, ಎಷ್ಟು ನೆಟ್ಟಗೆ, ಆ ಕೆಂಪು ಗೆರೆ, ಎಷ್ಟು ನೆಟ್ಟಗೆ