ನಡುದಾರಿಯ ವೀಸಾ

ದೌಲತಬಿಗೆ ಚಿಮಟ ಹಿಡಿಯಲು ಕಲಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನು ಕೇಳಿದ ಮೇಲೆ ನನ್ನ ಮಾತನ್ನು ಯಾರೂ ನಂಬಲಿಕ್ಕಿಲ್ಲ. ಹನ್ನೊಂದು ವರ್ಷಗಳ ಹಿಂದೆ ಮೇಡ್ಲೇರಿಯ ಹೊಲದಲ್ಲಿ ಟೊಮೆಟೊ ಮೊಗ್ಗನ್ನು ಎಡಗೈಯಲ್ಲಿ ಹೇಗೆ ಹಿಡಿಯಬೇಕು, ನಡುವಿನ ಕಡ್ಡಿಗೆ ಪೆಟ್ಟಾಗದಂತೆ ಸುತ್ತಲಿನ ಹಳದಿ ಕೇಸರವನ್ನು ಹೇಗೆ ಕೀಳಬೇಕು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಹೇಗೆ ಮುಟ್ಟಿಸಬೇಕು ಎಂದು ತೋರಿಸಿಕೊಟ್ಟವನು ಧಾರವಾಡದಲ್ಲಿ ಕೃಷಿ ಓದಿದ ಈ ಕೃಷ್ಣಾಜಿಯೇ. ನಮ್ಮ ಬೀಜದ ಕಂಪನಿಯಲ್ಲಿ ಈ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೆಂಗಸರು ಮಾಡುತ್ತಾರೆ, ನಾನು ಮೇಲ್ವಿಚಾರಣೆ ಮಾಡುತ್ತೇನೆ.

೧೯೯೩ರ ನವೆಂಬರಿನಲ್ಲಿ ಮೆಕ್ಸಿಕೊದ ಒಂದು ಬೀಜದ ಕಂಪನಿಯವನು ರಾಣೆಬೆನ್ನೂರಿಗೆ ಬಂದ. ಅಲ್ಲಿನ ಕೆಲಸದವರಿಗೆ ಮೂರು ತಿಂಗಳು ಕ್ರಾಸಿಂಗ್ ಕಲಿಸಲು ಇಲ್ಲಿಂದ ಒಬ್ಬರು ಬೇಕಾಗಿತ್ತು. ಆ ಒಬ್ಬರು ಯಾರೆಂದು ನನಗೂ, ನನ್ನ ಹೆಂಡತಿ ನಲಿನಿಗೂ, ಹಾವೇರಿಯ ನಮ್ಮ ಓಣಿಗೂ ಗೊತ್ತಿತ್ತು. ಪಾಸ್‌ಪೋರ್ಟ್ ಮಾಡಿಸಿದ್ದೆ. ಕೋಟು ಹೊಲಿಸಿದ್ದೆ. ದಿನಾ ರಾಣೆಬೆನ್ನೂರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಬ್ಯಾಡಗಿಯಲ್ಲಿ ಹತ್ತುವ ಮೆಣಸಿನಕಾಯಿ ದಲಾಲಿ ರಾಘಣ್ಣನಿಗೂ ಹೇಳಿಬಿಟ್ಟಿದ್ದೆ. ಮೆಕ್ಸಿಕೊದ ಮೆಣಸಿನಕಾಯಿ ನಮ್ಮದಕ್ಕಿಂತ ಖಾರವೋ ಅಲ್ಲವೋ ಎಂದು ತಿಂದು ನೋಡಿ ಬರುವ ಕೆಲಸವನ್ನು ಅವನು ನನಗೆ ಹಚ್ಚಿದ್ದ.

ಆ ಪರದೇಶಿಯನ್ನು ಮೇಡ್ಲೇರಿಗೆ ಕರೆದೊಯ್ದು, ಬದುವಿನ ಮೇಲೆ ನಿಂತು ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ಹೂಂ ಹೂಂ ಎನ್ನುತ್ತಿದ್ದ, ಕಣ್ಣು ಮಾತ್ರ ದೌಲತಬಿಯ ಬೆರಳುಗಳ ಮೇಲಿತ್ತು. ಅವಳು ಪಕ್ಕದವಳೊಂದಿಗೆ ಯಾರದೋ ಮದುವೆಯ ಸುದ್ದಿ ಹೇಳುತ್ತ, ಕೆಳಗೆ ನೋಡದೆಯೇ ಮೊಗ್ಗು ಬಿಡಿಸುತ್ತಿದ್ದಳು. ಅವಳ ಹಿಂದಿನ ವಾರದ ಸಾಲು ಎಣಿಸಿದರೆ ನೂರು ಹೂವಿಗೆ ತೊಂಬತ್ತಾರು ಕಾಯಿ ಕಚ್ಚಿದ್ದವು. ಆಮೇಲೆ ಅವನು ನಗುತ್ತ ನನ್ನ ಕೈಗೂ ಚಿಮಟ ಕೊಟ್ಟ. ಹನ್ನೊಂದು ವರ್ಷ ಬರೀ ನಿಂತು ನೋಡಿದ ಕೈ ನನ್ನದು. ಹತ್ತು ಮೊಗ್ಗಿನಲ್ಲಿ ಮೂರು ಮುರಿದವು. ಹೆಂಗಸರು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

ಮರುದಿನ ಮಾಲೀಕರು ನನ್ನನ್ನು ಕರೆದು, ಹೋಗುವವಳು ದೌಲತಬಿ ಎಂದರು. ಆಫೀಸಿನಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಆದ್ದರಿಂದ ಅವಳ ಕಾಗದಪತ್ರವನ್ನೆಲ್ಲ ನಾನೇ ನೋಡಿಕೊಳ್ಳಬೇಕೆಂದೂ ಹೇಳಿದರು.

ಹೊಟ್ಟೆಗೆ ಬೆಂಕಿ ಬಿತ್ತು. ಬೇರೆ ಮಾತಿನಲ್ಲಿ ಹೇಳಿ ಸಭ್ಯನಾಗುವ ಆಸೆ ನನಗಿಲ್ಲ. ಸಹಿ ಬಾರದೆ ಹೆಬ್ಬೆಟ್ಟು ಒತ್ತುವ ಹೆಂಗಸಿನ ಪಾಸ್‌ಪೋರ್ಟಿನ ಅರ್ಜಿಯನ್ನು ನಾನು ತುಂಬಿದೆ. ಅವಳ ಫೋಟೊ ಅಂಟಿಸಿದೆ. ಮೇಡ್ಲೇರಿಯ ಶಾಲೆಯಲ್ಲಿ ಅವಳಿಗೆ ಹಾರ ಹಾಕಿದರು. ಗುತ್ತಲದಲ್ಲಿ ಅವಳ ಅಕ್ಕ ಬೀಗರನ್ನೆಲ್ಲ ಕರೆದು ಊಟ ಹಾಕಿದಳು. ಬಸ್ಸಿನಲ್ಲಿ ಜನ ಎದ್ದು ಅವಳಿಗೆ ಜಾಗ ಕೊಡುತ್ತಿದ್ದರಂತೆ. ಒಂದೊಂದು ಸುದ್ದಿಗೂ ನನ್ನ ಮೈ ಉರಿಯುತ್ತಿತ್ತು. ಮನೆಯಲ್ಲಿ ನಲಿನಿ, ಆ ಕೋಟು ಹಾಕಿಕೊಂಡೇ ರೈಲು ಹತ್ತಿರಿ, ಹೊಲಿಸಿದ್ದು ದಂಡವಾಗಬಾರದು ಎಂದಳು. ಎರಡು ದಿನ ಅವಳಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಜನವರಿ ಮೊದಲ ವಾರ ಮುಂಬಯಿಯ ಟಿಕೆಟ್ ಏಜೆಂಟನಿಂದ ಲಕೋಟೆ ಬಂತು. ಮೆಕ್ಸಿಕೊದ ವೀಸಾ ಬಿದ್ದ ಪಾಸ್‌ಪೋರ್ಟ್, ಟಿಕೆಟ್, ಜೊತೆಗೊಂದು ಇಂಗ್ಲಿಷ್ ಪತ್ರ. ವಿಮಾನ ಲಂಡನ್ನಿಗೆ ಹೋಗುತ್ತದೆ. ಅಲ್ಲಿ ಒಂದು ವಿಮಾನ ನಿಲ್ದಾಣದಲ್ಲಿ ಇಳಿದು, ಒಂದು ರಾತ್ರಿ ಉಳಿದು, ಮರುದಿನ ಊರಾಚೆಯ ಇನ್ನೊಂದು ನಿಲ್ದಾಣದಲ್ಲಿ ಮೆಕ್ಸಿಕೊದ ವಿಮಾನ ಹತ್ತಬೇಕು. ಹೊರಗೆ ಬರಬೇಕಾದ್ದರಿಂದ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕು, ಅದಿಲ್ಲದಿದ್ದರೆ ಮುಂಬಯಿಯಲ್ಲೇ ವಿಮಾನ ಹತ್ತಿಸುವುದಿಲ್ಲ, ಪ್ರಯಾಣಿಕರು ಖುದ್ದಾಗಿ ಕೂಡಲೇ ಮುಂಬಯಿಗೆ ಬರಬೇಕು ಎಂದು ಬರೆದಿದ್ದರು.

ನಮ್ಮಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಹೋಗುವ ದೇಶದ ವೀಸಾ ಸಿಕ್ಕರೆ ಮುಗಿಯಿತು ಎಂದುಕೊಂಡಿದ್ದೆವು. ಹುಬ್ಬಳ್ಳಿಗೆ ಹೊರಟವನನ್ನು ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಯಾಕೆ ಇಳಿದೆ ಎಂದು ಯಾರು ಕೇಳುತ್ತಾರೆ?

ಪಾಸ್‌ಪೋರ್ಟನ್ನೂ ಟಿಕೆಟ್ಟನ್ನೂ ಮಾಲೀಕರ ಕೈಯಿಂದ ದೌಲತಬಿಗೆ ಕೊಡಿಸಿದೆ. ಪತ್ರವನ್ನು ಮೇಜಿನ ಖಾನೆಯಲ್ಲಿ ಇಟ್ಟೆ. ಹರಿದು ಹಾಕಲಿಲ್ಲ. ಹರಿದರೆ ಬೇಕೆಂದೇ ಮಾಡಿದಂತೆ, ಇಟ್ಟರೆ ಮರೆತಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಮುಂಬಯಿಯಿಂದ ಹಿಂದಿರುಗುತ್ತಾಳೆ. ಮೆಕ್ಸಿಕೊದಲ್ಲಿ ಹೂ ಬಿಡುವ ಕಾಲ ಯಾರಿಗೂ ಕಾಯುವುದಿಲ್ಲ. ಕಾಗದ ಓದಬಲ್ಲವನನ್ನೇ ಕಳಿಸಬೇಕಾಗಿತ್ತು ಎಂದು ಆಗ ಮಾಲೀಕರಿಗೆ ಅನ್ನಿಸುತ್ತದೆ.

ಆ ವಾರವೇ ಅವಳು ಆಫೀಸಿಗೆ ಬಂದು ಬಾಗಿಲಲ್ಲಿ ನಿಂತು ಕೇಳಿದಳು.

"ಎಲ್ಲಾ ಆತೇನ್ರಿ ಸಾಹೇಬ್ರ? ಇನ್ನ ಏನರ ಮಾಡೂದೈತೇನು?"

"ಎಲ್ಲಾ ಆಗೇತಿ," ಎಂದೆ. ಅವಳ ಮುಖವನ್ನೇ ನೋಡಿಕೊಂಡು ಎಂದೆ.

ಮುಂದಿನ ವಾರ ಅವಳು ಮೂರ್ನಾಲ್ಕು ದಿನ ಹೊಲಕ್ಕೆ ಬರಲಿಲ್ಲ. ಗುತ್ತಲದ ಅಕ್ಕನ ಮನೆಯಲ್ಲಿ ಮತ್ತೆ ಊಟ ಇರಬೇಕೆಂದು ಹಲ್ಲು ಕಡಿದೆ. ಹೊರಡಲು ನಾಲ್ಕು ದಿನ ಇರುವಾಗ, ಮಧ್ಯಾಹ್ನದ ಹೊತ್ತು, ತನ್ನ ತಮ್ಮ ಇಸ್ಮಾಯಿಲಸಾಬನ ಜೊತೆ ಆಫೀಸಿಗೆ ಬಂದಳು. ಅವನು ಆರು ವರ್ಷ ಮಸ್ಕತ್ತಿನಲ್ಲಿ ಗಾಡಿ ಓಡಿಸಿ ಬಂದು, ಈಗ ಹಾವೇರಿಯಲ್ಲಿ ಗಲ್ಫಿಗೆ ಹೋಗುವವರ ಕಾಗದಪತ್ರ ಮಾಡಿಕೊಡುತ್ತಿದ್ದ. ಮಾಲೀಕರು ಊಟಕ್ಕೆ ಹೋಗಿದ್ದರು. ಅವರಿಲ್ಲದ ಹೊತ್ತು ನೋಡಿಯೇ ಬಂದಿದ್ದಾಳೆ ಎಂದು ಆಮೇಲೆ ತಿಳಿಯಿತು.

ಪಾಸ್‌ಪೋರ್ಟ್ ಬಿಡಿಸಿ ನನ್ನ ಮುಂದಿಟ್ಟಳು. ಬ್ರಿಟನ್ನಿನ ವೀಸಾ ಇತ್ತು. ಶಾಯಿ ಹೊಸದು.

ನಡೆದದ್ದನ್ನು ಹೇಳಿದವನು ಇಸ್ಮಾಯಿಲಸಾಬ. ಟಿಕೆಟ್ ನೋಡಿದವನೇ, ಲಂಡನ್ನಿನಲ್ಲಿ ಉಳಿಯುವುದಕ್ಕೆ ವೀಸಾದ ಠಸ್ಸೆ ಎಲ್ಲಿ ಎಂದು ದೌಲತಬಿಯನ್ನು ಕೇಳಿದನಂತೆ. ನಡುವಿನ ಊರಿನ ಠಸ್ಸೆಯಿಲ್ಲದೆ ಕೌಂಟರಿನಿಂದಲೇ ಅಳುತ್ತ ಹಿಂದಿರುಗಿದವರನ್ನು ಅವನು ಮಸ್ಕತ್ತಿನಲ್ಲಿ ಕಂಡಿದ್ದ. ಎಸ್‌ಟಿಡಿ ಬೂತಿನಿಂದ ಮುಂಬಯಿಗೆ ಫೋನು ಮಾಡಿ ಕೇಳಿಕೊಂಡು, ಅಕ್ಕನನ್ನು ತಾನೇ ಕರೆದೊಯ್ದು ವೀಸಾ ಮಾಡಿಸಿಕೊಂಡು ಬಂದಿದ್ದ. ಇಷ್ಟು ಹೇಳಿ, ಉಳಿದದ್ದನ್ನು ಅವಳಿಗೆ ಬಿಟ್ಟ.

"ಕಾಗದ ನಿಮಗ ಮುಟ್ಟೈತಂತ ಮುಂಬಯಿಯವ್ರು ಹೇಳಿದ್ರು," ಎಂದಳು ದೌಲತಬಿ.

ಮರೆತೆ ಎಂದೆ.

"ಹನ್ನೊಂದು ವರ್ಷದಾಗ ನೀವು ಒಂದು ಕಾಗದಾನೂ ಮರತಿಲ್ರಿ."

ನಾಚಿಕೆಗಿಂತ ಮೊದಲು ಹೆದರಿಕೆ ಬಂತು. ಮಾಲೀಕರಿಗೆ ತಿಳಿದರೆ ಸಂಜೆಯೊಳಗೆ ನನ್ನ ಕೆಲಸ ಹೋಗುತ್ತಿತ್ತು. ಅದು ನನ್ನ ಮುಖದಲ್ಲಿ ಕಂಡಿರಬೇಕು.

"ಮಾಲಕರ ಮುಂದ ಹೇಳಿಲ್ರಿ," ಎಂದಳು. "ಹೇಳಂಗೂ ಇಲ್ಲ. ಸಾಲಿನ್ಯಾಗ ಮುಂದಿನಾಕಿ ಒಂದು ಮೊಗ್ಗು ಕೇಸರ ಕೀಳಲಾರದ ಹಂಗ ಬಿಟ್ಟು ಹ್ವಾದ್ರ, ಬೀಜ ಕೆಡಬಾರದಂತ ಹಿಂದಿನಾಕಿ ಅದನ್ನ ಕಿತ್ತು ಒಗೀತಾಳ. ನಿಮ್ಮ ಮುಂದ ಹೇಳಂಗಿಲ್ಲ. ಹೇಳಿದ್ರ ಆಕಿ ಹೊಟ್ಟಿ ಮ್ಯಾಲ ಹೊಡದಂಗ ಆಗತೈತಿ."

ಇಷ್ಟು ವರ್ಷ ಆ ಸಾಲುಗಳ ತಲೆಯಲ್ಲಿ ನಿಂತವನು ನಾನು. ನನ್ನ ಬೆನ್ನ ಹಿಂದೆ ಹೀಗೊಂದು ಕಟ್ಟಳೆ ನಡೆಯುತ್ತಿದ್ದುದು ನನಗೆ ಗೊತ್ತಿರಲಿಲ್ಲ. ನನ್ನ ಮೇಲ್ವಿಚಾರಣೆಯಿಂದ ಬೀಜ ಶುದ್ಧವಾಗಿದೆ ಎಂದೇ ವರ್ಷವರ್ಷವೂ ವರದಿ ಬರೆದಿದ್ದೆ.

"ಮೊಗ್ಗು ಬಿಟ್ಟಾಕಿಗೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಏನೂ ಮಾಡಂಗಿಲ್ರಿ. ಮರುದಿನದಿಂದ ಆಕಿ ಹಿಂದ ಚುರುಕು ಕಣ್ಣಿನಾಕಿ ಒಬ್ಬಾಕಿ ಇರ್ತಾಳ. ಅಷ್ಟ."

ಆಮೇಲೆ, ಏನೂ ಆಗಿಲ್ಲವೆಂಬಂತೆ, ಒಂದು ಕೆಲಸ ಕೇಳಿದಳು. ಲಂಡನ್ನಿನಲ್ಲಿ ಇಳಿದ ಮೇಲೆ ಯಾರಿಗಾದರೂ ತೋರಿಸಲು ಇಂಗ್ಲಿಷಿನಲ್ಲಿ ಒಂದು ಚೀಟಿ ಬೇಕಿತ್ತು. ನನ್ನಂಥ ಅಕ್ಷರ ಈ ಕಡೆ ಯಾರದೂ ಇಲ್ಲವೆಂದಳು. ಕುಂದ್ರಿ ಎಂದೆ. ಅವಳಿಗೆ ನಾನು ಹಾಗೆ ಅಂದದ್ದು ಅದೇ ಮೊದಲು. ಅವಳು ನಿಂತೇ ಇದ್ದಳು.

ಕಂಪನಿಯ ಹೆಸರಿರುವ ಒಳ್ಳೆಯ ಕಾಗದ ತೆಗೆದು ಬರೆದೆ. ಈ ಹೆಂಗಸು ಮೆಕ್ಸಿಕೊಗೆ ಹೋಗುತ್ತಿದ್ದಾಳೆ, ಇವಳ ಬಳಿ ಟ್ರಾನ್ಸಿಟ್ ವೀಸಾ ಇದೆ, ಇವಳಿಗೆ ಇನ್ನೊಂದು ವಿಮಾನ ನಿಲ್ದಾಣದ ಬಸ್ಸು ತೋರಿಸಿ. ಮೂರೇ ಸಾಲು. ಮೆಕ್ಸಿಕೊ ಎಂದು ಬರೆಯುವಾಗ, ಆ ಹೊತ್ತಿನಲ್ಲೂ, ಒಳಗೆ ಸುಟ್ಟಿತು. ಆದರೂ ಒಂದಕ್ಷರ ತಪ್ಪಿಲ್ಲದೆ ಬರೆದೆ. ಸಹಿ ಹಾಕಿ, ಎದ್ದು ನಿಂತು, ಎರಡೂ ಕೈಯಿಂದ ಕೊಟ್ಟೆ. ಅವಳು ಅದನ್ನು ಮಡಚಲಿಲ್ಲ. ಹಾಗೆಯೇ ಪಕ್ಕಕ್ಕೆ ಚಾಚಿದಳು.

"ಓದು," ಎಂದಳು ತಮ್ಮನಿಗೆ.

ಇಸ್ಮಾಯಿಲಸಾಬ ಚೀಟಿಯನ್ನು ನನ್ನ ಮೇಜಿನ ಮೇಲೆಯೇ ಹರಡಿಕೊಂಡು, ಪದಕ್ಕೊಂದು ಬೆರಳಿಟ್ಟು ಓದಿದ. ಒಂದೊಂದು ಸಾಲು ಮುಗಿದಾಗಲೂ ಅಕ್ಕನಿಗೆ ಉರ್ದುವಿನಲ್ಲಿ ಹೇಳಿದ. ಅದು ಮುಗಿಯುವವರೆಗೆ ನಾನು ನಿಂತೇ ಇದ್ದೆ. ಕೊನೆಯ ಸಾಲನ್ನು ಎರಡು ಸಲ ಓದಿ, ಬರೋಬ್ಬರಿ ಐತಿ ಎಂದ. ಆಗ ಅವಳು ಚೀಟಿಯನ್ನು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು.