ಕಣ್ಣಾರೆ ಕಂಡದ್ದು

ಧನರಾಜ್ ಎಸೆದ ಕೀಬೋರ್ಡು ಗೋಡೆಗೆ ಬಡಿದು ಎರಡು ಹೋಳಾಯಿತು. ಕಿತ್ತುಬಂದ ಗುಂಡಿಯೊಂದು ಶಿವಕುಮಾರಿಯ ಕೆನ್ನೆಗೆ ಸಿಡಿಯಿತು. ಮಾಟುಂಗ ಸ್ಟೇಷನ್ನಿನ ಪಕ್ಕದ ಆ ಒಂದೇ ಕೋಣೆಯ ಆಫೀಸಿನಲ್ಲಿ ಆಗ ಉಳಿದಿದ್ದವರು ಅವರಿಬ್ಬರೇ.

"ಮುನ್ನೂರು ಲೇಖನ ಮಾರಾಯ್ತಿ! ಎರಡು ವರ್ಷದ ಕೆಲಸ ಒಂದು ವಾರದಲ್ಲಿ ಮಣ್ಣುಪಾಲು. ಹುಡುಕಿದ್ರೆ ನಮ್ಮದು ಹತ್ತನೇ ಪುಟದಲ್ಲೂ ಇಲ್ಲ!"

ಧನರಾಜನದು ಅತಿಥಿ ಲೇಖನಗಳ ವ್ಯಾಪಾರ. ಯಾವುದೋ ಕಂಪನಿಯ ಪರವಾಗಿ ಬೇರೆಯವರ ಬ್ಲಾಗಿಗೆ ಲೇಖನ ಬರೆದುಕೊಡುವುದು, ಅದರ ನಡುವೆ ಆ ಕಂಪನಿಯ ಲಿಂಕು ತುರುಕುವುದು. ಲಿಂಕು ಹೆಚ್ಚಿದಷ್ಟೂ ಹುಡುಕಾಟದಲ್ಲಿ ಕಂಪನಿ ಮೇಲೆ ಬರುತ್ತಿತ್ತು. ಒಂದೇ ಲೇಖನವನ್ನು ತಿರುಚಿ ಮೂವತ್ತು ಮಾಡಿ, ಹುಟ್ಟದೇ ಇರುವ ಡಾಕ್ಟರು, ಎಂಜಿನಿಯರುಗಳ ಹೆಸರು ಹಾಕಿ ಕಂಡಕಂಡ ಸೈಟುಗಳಿಗೆ ಕಳಿಸುವುದು ಶಿವಕುಮಾರಿಯ ಕೆಲಸವಾಗಿತ್ತು. ಈಗ ಸರ್ಚ್ ಇಂಜಿನ್ನು ತನ್ನ ನಿಯಮ ಬದಲಿಸಿ, ಅಂಥದ್ದನ್ನೆಲ್ಲ ಕಸವೆಂದು ಗುಡಿಸಿ ಹಾಕಿತ್ತು.

ಧನರಾಜ್ ಏದುಸಿರು ಬಿಡುತ್ತ ಕುರ್ಚಿಗೆ ಕುಸಿದ. "ಇನ್ನು ನೂರು ಬೇಡ, ಒಂದು ಸಾಕು. ಜನ ನಿಜವಾಗಿ ಓದುವ ಸೈಟು ಆಗ್ಬೇಕು. ಹೆಸರು ನಿನ್ನದೇ ಇರಲಿ. ಅನುಭವವೂ ನಿನ್ನದೇ ಆಗ್ಬೇಕು. ಕೈ ಸಿಕ್ಕದ ಹಾಗೆ ಮಷೀನಿಗೆ ಹಾಕುವ ಸೇಫ್ಟಿ ಗಾರ್ಡಿನ ಕಂಪನಿ ಒಂದೇ ಉಳಿದದ್ದು ನಮಗೆ. ಅವರಿಗೆ ಬರಿ. ಆಗುದಿಲ್ಲ ಅಂದ್ರೆ ನಾಳೆಯಿಂದ ಬರುದೇ ಬೇಡ."

ಅವಳು ಬರೆದಳು. ಕಾರ್ಮಿಕರ ಸುರಕ್ಷತೆಯ ಬಗ್ಗೆ ಪುಣೆಯಿಂದ ನಡೆಯುವ ಇಂಗ್ಲಿಷ್ ಸೈಟೊಂದಕ್ಕೆ ಕಳಿಸಿದಳು. ಗಂಟೆಯೊಳಗೆ ಅಲ್ಲಿನ ಸಂಪಾದಕಿಯ ಉತ್ತರ ಬಂತು: "ಇದನ್ನು ಯಾರು ಬೇಕಾದರೂ ಬರೆಯಬಹುದು. ನೀವು ಕಣ್ಣಾರೆ ಕಂಡದ್ದೇನು?"

ಆ ಸಂಜೆ ಆಂಟಾಪ್ ಹಿಲ್ಲಿನ ಚಾಳಿನ ಖೋಲಿಮನೆಯಲ್ಲಿ ಅಪ್ಪ ಅಣವೀರಪ್ಪ ಎಡಗೈಯಲ್ಲಿ ಉಣ್ಣುತ್ತಿದ್ದ. ಅವನ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಉಳಿದದ್ದು ಮೊಂಡು. ಹನ್ನೊಂದು ವರ್ಷದ ಹಿಂದೆ ಧಾರಾವಿಯ ಬೆಲ್ಟ್ ಬಕಲ್ ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ಮೂರು ಬೆರಳು ತಿಂದಿತ್ತು. ಅಲ್ಲಿ ಆಳುಗಳ ಮೇಲ್ವಿಚಾರಣೆ ನೋಡುತ್ತಿದ್ದ ಮುಕಾದಮ ಚನ್ನಬಸಯ್ಯ ಆಳಂದದ ಕಡೆಯ ಅವರದೇ ಊರಿನವನು. ಅಣವೀರಪ್ಪನನ್ನು ಮುಂಬಯಿಗೆ ಕರೆತಂದು ಕೆಲಸಕ್ಕೆ ಹಚ್ಚಿದವನು. "ತೂಕಡಿಸಿದ್ದೆ, ನಂದೇ ತಪ್ಪು" ಎಂದು ಅಣವೀರಪ್ಪ ಪೊಲೀಸರಿಗೆ ಹೇಳಿದ್ದ. ಮನೆಯಲ್ಲೂ ಅದನ್ನೇ ಹೇಳುತ್ತಿದ್ದ.

"ಅಪ್ಪಾ, ಅವತ್ತು ಖರೇ ಏನಾಗಿತ್ತು?"

ತುತ್ತು ಅರ್ಧಕ್ಕೆ ನಿಂತಿತು. "ಯಾಕ?"

"ಲೇಖನಕ್ಕ ಬೇಕಾಗೇದ."

ತಾಟು ಗೋಡೆಗೆ ಬಡಿಯಿತು. ಬೇಳೆ ಅವಳ ಕೂದಲಿಗೂ ಸಿಡಿಯಿತು. "ನನ್ನ ಕೈ ನಿನ್ನ ಧಂದಾಕ್ಕ ಬೇಕೇನ?" ಎಂದು ಕೂಗಿ, ಕೈಯನ್ನೂ ತೊಳೆಯದೆ ಅವನು ಹೊರಗೆ ನಡೆದ.

ಅವ್ವ ಗುರುಬಾಯಿ ಗೋಡೆ ಒರೆಸತೊಡಗಿದಳು. ಮಗಳಿಗೆ ಬೆನ್ನು ಮಾಡಿಕೊಂಡೇ ಹೇಳಿದಳು: "ಮಷೀನಿಗಿ ಗಾರ್ಡ್ ಇದ್ರ ಮಾಲು ತಡಾ ಆಗ್ತದಂತ ಚನ್ನಬಸಯ್ಯ ಅದನ್ನ ಬಿಚ್ಚಿ ಒಗದಿದ್ದ. ಮೂರನೇ ದಿನಕ್ಕ ಹಿಂಗಾಯ್ತು. ನಿಮ್ಮಪ್ಪ ಊರ ಮಂದಿ ಮಾರಿ ನೋಡಿ ಬಾಯಿ ಮುಚ್ಚಿದ. ನಾ ಹೇಳೀನಂತ ಅನ್ನಬ್ಯಾಡ."

ಶಿವಕುಮಾರಿ ಅಲ್ಲೇ ಕೂತು ಬರೆದಳು. ತಾನು ಕಂಡದ್ದಂತೂ ಅವಳಿಗೆ ನೆನಪಿತ್ತು. ಆಗ ಅವಳಿಗೆ ಹದಿನೈದು. ಅಪ್ಪನನ್ನು ಆಸ್ಪತ್ರೆಗೆ ಒಯ್ದ ಮೇಲೆ, ಬೆರಳು ಸಿಕ್ಕರೆ ಜೋಡಿಸಬಹುದೆಂದು ಯಾರೋ ಹೇಳಿದ್ದರಿಂದ, ಅವಳೂ ಅವ್ವನೂ ಕಾರ್ಖಾನೆಗೆ ಹೋಗಿ ಬಕಲುಗಳ ರಾಶಿಗೆ ಕೈ ಹಾಕಿ ಹುಡುಕಿದ್ದರು. ಎಣ್ಣೆ ಮೆತ್ತಿದ ಹಿತ್ತಾಳೆಯ ನಡುವೆ ಮೆತ್ತಗಿನದೇನೋ ಅವಳ ಅಂಗೈಗೆ ತಾಗಿತ್ತು. ಸಿಕ್ಕದ್ದು ಒಂದೇ. ಅದೂ ಜಜ್ಜಿಹೋಗಿತ್ತು. ಇದನ್ನೆಲ್ಲ ಬರೆದಳು, ಗಾರ್ಡು ಬಿಚ್ಚಿದ, ಊರಿನವನೇ ಆದ ಮುಕಾದಮನ ಬಗ್ಗೆಯೂ ಬರೆದಳು. ನಡುವೆ ಗಾರ್ಡ್ ಕಂಪನಿಯ ಲಿಂಕು ಇಟ್ಟಳು; ಕಾರ್ಖಾನೆಯ ಹೆಸರು ಹಾಕಲಿಲ್ಲ. ಕೊನೆಯಲ್ಲಿ, ಮೊಟ್ಟಮೊದಲ ಬಾರಿಗೆ, ತನ್ನ ಹೆಸರು ಹಾಕಿದಳು: ಶಿವಕುಮಾರಿ ಅಣವೀರಪ್ಪ.

ಲೇಖನ ಪ್ರಕಟವಾಯಿತು. ಜನ ಓದಿದರು, ಒಬ್ಬರಿಂದೊಬ್ಬರಿಗೆ ಹಂಚಿದರು. ಮೂರೇ ವಾರದಲ್ಲಿ ಪ್ರೆಸ್ ಮಷೀನಿನ ಅಪಘಾತದ ಬಗ್ಗೆ ಹುಡುಕಿದವರಿಗೆಲ್ಲ ಮೊದಲ ಪುಟದಲ್ಲೇ ಅದು ಸಿಗತೊಡಗಿತು. ಧನರಾಜ್ ಕೆಳಗಿನ ಹೋಟೆಲಿನಿಂದ ಬಿಸಿ ಬನ್ಸ್ ತರಿಸಿದ. "ಮುನ್ನೂರರಲ್ಲಿ ಆಗದ್ದು ಒಂದರಲ್ಲಿ ಆಯ್ತು ನೋಡು!" ಎಂದ. ಶಿವಕುಮಾರಿ ತನ್ನ ಬನ್ಸನ್ನು ಕಾಗದದಲ್ಲಿ ಸುತ್ತಿ ಬದಿಗಿಟ್ಟಳು. ಲೇಖನದ ವಿಷಯ ಅವಳು ಅಪ್ಪನಿಗೆ ಹೇಳಿರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಗಿಲಲ್ಲಿ ಚನ್ನಬಸಯ್ಯ ನಿಂತಿದ್ದ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಹೆಲ್ಮೆಟ್ಟು.

"ಇದು ನೀ ಬರ್ದಿದ್ದೇನು ಶಿವಿ?"

"ಹೌದು ಕಾಕಾ."

ಹೆಲ್ಮೆಟ್ಟು ಅವಳ ಹುಬ್ಬಿಗೆ ಅಪ್ಪಳಿಸಿತು. ಅವಳು ಒಲೆಯ ಕಟ್ಟೆಗೆ ತಗಲಿ ಬಿದ್ದಳು. ಗುರುಬಾಯಿ ಚೀರುತ್ತ ಅಡ್ಡ ಬಂದರೆ ಅವಳನ್ನೂ ದಬ್ಬಿದ.

"ಮಾಲು ತಗೊಳ್ಳಾ ಕಂಪನಿಯವರು ಇದನ್ನ ಓದಿ ಆರ್ಡರ್ ನಿಲ್ಲಿಸ್ಯಾರ. ಸೇಠ್ ನನ್ನ ಹೊರಗ ಹಾಕ್ಯಾನ! ಇಪ್ಪತ್ತೆರಡು ವರ್ಷ ನಾಯಿ ಹಂಗ ದುಡದೀನಿ. ನಿನ್ನ ಹೆಸರು, ನಿಮ್ಮಪ್ಪನ ಕೈ, ಯಾವ ಕಾರ್ಖಾನಿ ಅಂತ ಮಂದಿಗಿ ತಿಳಿಯಂಗಿಲ್ಲೇನು?" ಅವನ ಧ್ವನಿ ಅಳುವಿನಂತೆ ಒಡೆಯಿತು. ಮತ್ತೆ ಹೆಲ್ಮೆಟ್ಟು ಎತ್ತಿದ.

ಮಂಚದಿಂದ ಎದ್ದ ಅಣವೀರಪ್ಪ ತಲೆ ತಗ್ಗಿಸಿ ಅವನ ಎದೆಗೆ ಗುದ್ದಿದ. ಇಬ್ಬರೂ ಬಾಗಿಲಿಗೆ ಬಡಿದುಕೊಂಡರು. ಚನ್ನಬಸಯ್ಯನ ಮುಷ್ಟಿ ಮೂರು ಸಲ ಅಣವೀರಪ್ಪನ ಮುಖದ ಮೇಲೆ ಬಿತ್ತು. ತುಟಿ ಒಡೆದು ರಕ್ತ ಸುರಿಯುತ್ತಿದ್ದರೂ ಅಣವೀರಪ್ಪ ಹಿಡಿತ ಬಿಡದೆ ಅವನನ್ನು ಹೊಸ್ತಿಲಾಚೆ ತಳ್ಳಿದ. ಚನ್ನಬಸಯ್ಯ ಮತ್ತೆ ಒಳನುಗ್ಗಲು ಚೌಕಟ್ಟು ಹಿಡಿದ. ಅಣವೀರಪ್ಪ ಕಬ್ಬಿಣದ ಬಾಗಿಲನ್ನು ಮೈಯೆಲ್ಲ ಹಾಕಿ ದೂಡಿದ.

ಹೊರಗಿನ ಚೀತ್ಕಾರಕ್ಕೆ ಇಡೀ ಚಾಳು ಎದ್ದು ಬಂತು. ಅಣವೀರಪ್ಪ ಮಾತ್ರ ಬಾಗಿಲಿಗೆ ಭುಜ ಕೊಟ್ಟು ಹಾಗೇ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಬಾಕಿಯಿದ್ದ ಕೆಲಸ ಮುಗಿಸುವವನ ನಿಧಾನವಿತ್ತು. ಅದನ್ನು ಕಂಡು ಶಿವಕುಮಾರಿಗೆ ಹೆಲ್ಮೆಟ್ಟಿನ ಏಟಿಗಿಂತ ಹೆಚ್ಚು ಭಯವಾಯಿತು.

"ಅಪ್ಪಾ, ಬಿಡು! ಬೆರಳು ಸಿಕ್ಕಾವ!" ಅವನ ಅಂಗಿ ಹಿಡಿದು ಜಗ್ಗಿದಳು. ಅಂಗಿ ಹರಿಯಿತು. ಎರಡನೆಯ ಸಲ ಜಗ್ಗಿದಾಗ ಅವನು ಹಿಂದೆ ಸರಿದ.

ಚನ್ನಬಸಯ್ಯ ಮಂಡಿಯೂರಿ ಕುಸಿದಿದ್ದ. ಎರಡು ಬೆರಳು ತೊಗಲಿನ ಮೇಲೆ ಜೋತಾಡುತ್ತಿದ್ದವು. ಅಣವೀರಪ್ಪ ಒಂದು ಗಳಿಗೆ ನೋಡಿದ. ಆಮೇಲೆ ಹೆಗಲ ಟವೆಲ್ ತೆಗೆದು ಆ ಕೈಗೆ ಬಿಗಿಯಾಗಿ ಸುತ್ತಿದ. "ಕೈ ಮ್ಯಾಲ ಹಿಡಿ. ತಲಿಗಿಂತ ಮ್ಯಾಲ. ಕೆಳಗ ಬಿಟ್ರ ರಕ್ತ ನಿಲ್ಲಂಗಿಲ್ಲ" ಎಂದ. ತಾನೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಕರೆದೊಯ್ದ.

ಅವನು ಮರಳಿದಾಗ ಮಧ್ಯಾಹ್ನ ದಾಟಿತ್ತು. ಬೆರಳು ಹೊಲಿದಿದ್ದರು; ಒಂದು ಮಡಚಲಿಕ್ಕಿಲ್ಲ ಎಂದಿದ್ದರಂತೆ. ಬಾಗಿಲು ಗಾಳಿಗೆ ಬಡಿಯಿತೆಂದು ಚನ್ನಬಸಯ್ಯ ಆಸ್ಪತ್ರೆಯ ಕಾಗದದಲ್ಲಿ ಬರೆಸಿದ್ದನಂತೆ. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡಿದ್ದ ಶಿವಕುಮಾರಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಗುರುಬಾಯಿ ಹೊಸ್ತಿಲು ತಿಕ್ಕುತ್ತಿದ್ದಳು.

"ಅಪ್ಪಾ, ಸಂಪಾದಕರಿಗಿ ಹೇಳಿ ಅದನ್ನ ತೆಗಸ್ತೀನಿ."

"ಮೊದಲ ಓದು. ಏನ್ ಬರ್ದಿ ಅಂತ ನನಗ ಗೊತ್ತೇ ಇಲ್ಲ. ಕನ್ನಡದಾಗ ಹೇಳು."

ಅವಳು ಒಂದೊಂದೇ ಸಾಲು ಕನ್ನಡ ಮಾಡಿ ಹೇಳತೊಡಗಿದಳು. ಬಕಲುಗಳ ರಾಶಿಯ ಭಾಗಕ್ಕೆ ಅವನು ಕಣ್ಣು ಮುಚ್ಚಿದ. ಅವರಿಬ್ಬರೂ ಬೆರಳು ಹುಡುಕಿದ್ದರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಗಾರ್ಡಿನ ಸಾಲು ಬಂದಾಗ ಕೈ ಎತ್ತಿ ತಡೆದ.

"ಅಲ್ಲಿ ತಪ್ಪದ."

"ಯಾವುದು?"

"ಬಿಚ್ಚಿದಂವ ಅಂವ ಅಲ್ಲ. ಅಂವ ಬಿಚ್ಚು ಅಂದ, ನಾ ಬಿಚ್ಚಿದೆ. ಬೋಲ್ಟ್ ಬಿಚ್ಚಾ ಪಾನಾ ನನ್ನ ಕೈಯಾಗಿತ್ತು." ಊದಿದ ತುಟಿಯಿಂದ ಮಾತು ತಡವರಿಸಿ ಬರುತ್ತಿತ್ತು. "ಬ್ಯಾಡ ಅಂತ ಒಂದ್ ಮಾತು ಅನ್ನಲಿಲ್ಲ ನಾ. ತೆಗಸಬ್ಯಾಡ. ಹಂಗೇ ಬರಿ."

ಹೊಸ್ತಿಲ ಬಳಿ ಬ್ರಷ್ಷಿನ ಸದ್ದು ನಿಂತಿತು. ಶಿವಕುಮಾರಿ ಆ ಸಾಲಿನ ಮೇಲೆ ಬೆರಳಿಟ್ಟು ಕಾದಳು.

"ನಾಕು ಬೋಲ್ಟ್ ಇದ್ದವು," ಎಂದ ಅಣವೀರಪ್ಪ. "ಮ್ಯಾಲ ಎರಡು, ಕೆಳಗ ಎರಡು." ಬಲಗೈಯ ಹೆಬ್ಬೆರಳು, ಕಿರುಬೆರಳನ್ನು ಪಾನಾ ಹಿಡಿದಂತೆ ಗಾಳಿಯಲ್ಲಿ ಕೂಡಿಸಿ, ಅವಳಿಗೆ ತಿಳಿಯಲೆಂದು, ನಿಧಾನವಾಗಿ ಎಡಕ್ಕೆ ತಿರುಗಿಸತೊಡಗಿದ.